ಕಣ್ಣು ಮುಟ್ಟುವ ಮೊದಲು

ಹೋಯಿತು ಎಂದು ಫೋನು ಹೇಳಿದ ಮೇಲೂ ವೆಂಡೆಲ್ ಕೈ ಇಳಿಸಲಿಲ್ಲ. ಹುಲ್ಲುಗಾವಲಿನ ನಟ್ಟನಡುವೆ, ಮೇಲಿನಿಂದ ಯಾರೋ ಏನೋ ಕೊಡುತ್ತಾರೆಂದು ಕಾಯುವವನ ಹಾಗೆ ತೋಳು ಚಾಚಿ ನಿಂತೇ ಇದ್ದ. ಎಡಕ್ಕೆ ತಿರುಗಿ ಎಂದಾಗ ಎಡಕ್ಕೆ ತಿರುಗಿದ್ದ, ಇನ್ನೂ ಸ್ವಲ್ಪ ಎಂದಾಗ ಇನ್ನೂ ಸ್ವಲ್ಪ ತಿರುಗಿದ್ದ. ಕಣ್ಣಿಗೆ ಕಾಣದ ಒಂದು ಉಪಗ್ರಹ ಇಡಾಹೋದ ಈ ಬೆಟ್ಟದ ನೆತ್ತಿಯ ಮೇಲೆ ಹಾದುಹೋಗುತ್ತಾ ಅವನ ನಾಲ್ಕು ಮಾತನ್ನು ಎತ್ತಿಕೊಂಡು, ಕಣಿವೆಗಳ ಆಚೆ ಊರ ಹೋಟೆಲಿನಲ್ಲಿ ಬೆಳಗಿನ ಗಿರಾಕಿಗಳಿಗೆ ಕಾಫಿ ಸುರಿಯುತ್ತಿದ್ದ ಹೆಂಡತಿ ನೆಡ್ರಾಳ ಏಪ್ರನ್ ಜೇಬಿಗೆ ಹಾಕಿ ಮುಂದೆ ಹೋಗಿತ್ತು. 'ಹೋರಿ ಬಿತ್ತು. ದೊಡ್ಡದು. ಒಂದೇ ಗುಂಡು.' ಗಂಡು ಎಲ್ಕನ್ನು ಆ ಕಡೆಯವರು ಹೋರಿ ಎಂದೇ ಕರೆಯುವುದು. ಕುದುರೆಯಷ್ಟು ಎತ್ತರದ, ತಲೆಯ ಮೇಲೆ ಒಣಗಿದ ಮರವನ್ನೇ ಹೊತ್ತು ತಿರುಗುವ ಆ ಜಿಂಕೆಗೆ ಬೇರೆ ಹೆಸರು ಹೊಂದುವುದೂ ಇಲ್ಲ. ಅದು ಬಿದ್ದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಕಾಲು ಮಡಿಸಿಕೊಂಡು, ಉರುಳಿದ ಮರದ ದಿಮ್ಮಿಯ ಆಚೆ, ಧೊಪ್ಪನೆ. ನೆಲ ಅದುರಿದ್ದು ಅಂಗಾಲಿಗೆ ಗೊತ್ತಾಗಿತ್ತು, ಅಥವಾ ಅದುರಿದ್ದು ಅವನ ಎದೆಯೇ ಇರಬಹುದು. ಬಂದೂಕಿಗೆ ಇನ್ನೊಂದು ಗುಂಡು ತುಂಬುವ ಮೊದಲೇ ಕೈ ಫೋನಿನ ಜೇಬಿಗೆ ಹೋಗಿತ್ತು.

ಈಗ ನಗುತ್ತಾ, ಬೂಟಿನ ಸದ್ದು ಮಾಡಿಕೊಂಡೇ, ಮದುವೆಮನೆಗೆ ಹೋಗುವವನಂತೆ ದಿಮ್ಮಿಯ ಕಡೆ ನಡೆದ. ದಿಮ್ಮಿಯ ಆಚೆ ಹೋರಿ ಇರಲಿಲ್ಲ. ಇದು ಬೇರೆ ದಿಮ್ಮಿ ಇರಬೇಕು ಎಂದುಕೊಂಡು ಮುಂದಿನ ದಿಮ್ಮಿಯ ಆಚೆ ನೋಡಿದ, ಅಲ್ಲಿ ಇರುವೆಗಳಿದ್ದವು. ಕನ್ನಡಕ ಹುಡುಕುವವನು ಒಂದೇ ಮೇಜಿನ ಮೇಲೆ ಮತ್ತೆ ಮತ್ತೆ ಕೈಯಾಡಿಸುವ ಹಾಗೆ ತಿರುಗಿ ಮೊದಲನೆಯದಕ್ಕೆ ಬಂದ. ಹುಲ್ಲು ಅಷ್ಟಗಲಕ್ಕೆ ಮಲಗಿತ್ತು. ಮಲಗಿದ ಹುಲ್ಲು ಒಂದೊಂದೇ ಎಳೆಯಾಗಿ, ಏನೂ ಆಗಿಲ್ಲವೆಂಬಂತೆ, ಮೆಲ್ಲಗೆ ಏಳುತ್ತಿತ್ತು. ಒಂದು ಹಿಡಿ ಗಡಸು ಕೂದಲು, ಒಂದು ಎಲೆಯ ಮೇಲೆ ರಕ್ತದ ಮೂರು ಹನಿ. ವೆಂಡೆಲ್ ಆ ಎಲೆಯನ್ನು ಕೈಯಲ್ಲಿ ಹಿಡಿದು ಆಕಾಶ ನೋಡಿದ. ಹೋರಿ ನೆಲದ ಮೇಲೆ ಎದ್ದು ಹೋಗಿದೆ, ಹೋರಿಯ ಸುದ್ದಿ ಆಕಾಶದಲ್ಲಿ ಹೋಗಿದೆ, ಎರಡರಲ್ಲಿ ಯಾವುದನ್ನು ಅಟ್ಟಿಸಿಕೊಂಡು ಹೋಗಲಿ ಎಂದು ಅವನಿಗೆ ತಿಳಿಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಮಾತು ಹಿಂದೆಂದೂ ಇಷ್ಟು ದೂರ, ಇಷ್ಟು ಬೇಗ ಹೋಗುತ್ತಿರಲಿಲ್ಲ.

ನೆಡ್ರಾಳ ತವರಾದ ಟಕೆಟ್ ಮನೆತನದಲ್ಲಿ ಇದಕ್ಕೊಂದು ಕಟ್ಟಳೆ ಇತ್ತು. ಹೊಡೆದ ಪ್ರಾಣಿಯ ಹತ್ತಿರ ಹಿಂದಿನಿಂದ ಹೋಗಿ, ಬಂದೂಕಿನ ತುದಿಯಿಂದ ಅದರ ತೆರೆದ ಕಣ್ಣನ್ನು ಮುಟ್ಟಬೇಕು. ರೆಪ್ಪೆ ಮಿಟುಕದಿದ್ದರೆ ಮಾತ್ರ ಅದು ನಿನ್ನದು. 'ಕಣ್ಣು ಮುಟ್ಟಿದ ಮೇಲೆ ಬಾಯಿ ಬಿಡು' ಎಂದು ಮಾವ ಆರ್ಲೋ ಮನೆಯ ಮಕ್ಕಳಿಗೆ ಹಾಲು ಬಿಡಿಸುವ ವಯಸ್ಸಿನಲ್ಲೇ ಕಲಿಸಿದ್ದ. ಹಿಂದೆ ಆ ಕಟ್ಟಳೆ ಮೀರುವುದೇ ಕಷ್ಟವಿತ್ತು. ಬಾಯಿ ಬಿಟ್ಟರೆ ಕೇಳುವವರು ಯಾರು? ಬೆಟ್ಟ ಇಳಿದು, ಹೊಳೆ ದಾಟಿ, ಗಾಡಿ ನಿಲ್ಲಿಸಿದಲ್ಲಿಗೆ ಬಂದು ಊರು ಸೇರುವಷ್ಟರಲ್ಲಿ ಸುಳ್ಳು ತಾನಾಗಿಯೇ ಬಾಡಿ, ನಿಜ ಮಾತ್ರ ಉಳಿದಿರುತ್ತಿತ್ತು. ಈ ಸಲ ನೆಡ್ರಾ ಹೊಸ ಫೋನು ಕೊಡಿಸಿ, 'ಸಿಗ್ನಲ್ ಇಲ್ದೇ ಇರೋ ಕಡೆನೂ ಮೆಸೇಜ್ ಹೋಗುತ್ತಂತೆ, ದಿನಕ್ಕೊಂದು ಸಲ ಬದುಕಿದ್ದೀನಿ ಅಂತ ಹೇಳು ಸಾಕು' ಎಂದಿದ್ದಳು. ಬದುಕಿದ್ದೇನೆ ಎಂದಷ್ಟೇ ಹೇಳಿದ್ದರೆ ಆಗುತ್ತಿತ್ತು. ಅದು ನಿಜವೂ ಆಗಿತ್ತು.

ಬಗ್ಗಿ ಬಗ್ಗಿ ಹನಿ ಹುಡುಕುತ್ತಾ ಅವನು ದೇವದಾರುಗಳ ಕೆಳಗೆ ಹೊರಟ. ಇಲ್ಲೊಂದು, ಅಲ್ಲೊಂದು, ಹಳದಿಗೆ ತಿರುಗಿದ ಆಸ್ಪೆನ್ ಮರದ ಎಲೆಗಳ ಮೇಲೆ. ಎಲೆಯ ಮೇಲೇ ಹುಟ್ಟುಕೆಂಪು ಚುಕ್ಕೆಗಳಿರುವುದರಿಂದ ಪ್ರತಿಯೊಂದನ್ನೂ ಬೆರಳಿನಿಂದ ಉಜ್ಜಿ ನೋಡಬೇಕು. ಉಜ್ಜಿ ನೋಡುವ ಈ ಕೆಲಸ ಯಾವಾಗಲೂ ಲಮಾರನದು. ಲಮಾರ್ ಎಂದರೆ ನೆಡ್ರಾಳ ತಮ್ಮ, ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿ ಈ ವರ್ಷ ಊರಲ್ಲೇ ಉಳಿದವನು. ಪ್ರತಿವರ್ಷ ಲಮಾರ್ ಮುಂದೆ ಬಂದೂಕು ಹಿಡಿದು ಕೂರುತ್ತಿದ್ದ, ವೆಂಡೆಲ್ ಅವನ ಬೆನ್ನ ಹಿಂದೆ ಪೊದೆಯಲ್ಲಿ ಕೂತು ಕೊಳವೆ ಊದುತ್ತಿದ್ದ. ಶಾಲೆಯಲ್ಲಿ ಮಕ್ಕಳಿಗೆ ಬ್ಯಾಂಡು ಕಲಿಸುವವನಿಗೆ ಹೋರಿಯ ಕೂಗು ಯಾವ ದೊಡ್ಡ ವಿದ್ಯೆ? ಬೆದೆಗೆ ಬಂದ ಗಂಡಿನ ಸವಾಲು, ಒಲ್ಲೆನೆನ್ನುವ ಹೆಣ್ಣಿನ ರಾಗ, ದಾರಿ ತಪ್ಪಿದ ಕರುವಿನ ಅಳು, ಎಲ್ಲವನ್ನೂ ಅವನು ಶ್ರುತಿ ಬಿಡದೆ ಊದುತ್ತಿದ್ದ. ಹೋರಿ ಅವನ ಕರೆಗೆ ಬರುತ್ತಿತ್ತು, ಲಮಾರನ ಗುಂಡಿಗೆ ಬೀಳುತ್ತಿತ್ತು. ಮಾವನ ಮನೆಯ ಹಜಾರದ ಗೋಡೆಯ ತುಂಬಾ ಬೇಟೆಯ ಚಿತ್ರಗಳು. ಯಾವ ಚಿತ್ರದಲ್ಲೂ ವೆಂಡೆಲ್ ಇಲ್ಲ, ಏಕೆಂದರೆ ಎಲ್ಲವನ್ನೂ ತೆಗೆದವನು ಅವನೇ. 'ನಮ್ಮ ಭಾವ ಊದಿದ್ರೆ ಎಲ್ಕ್ ಏನು, ಸೇನೆನೇ ಎದ್ದು ನಿಲ್ಲುತ್ತೆ' ಎಂದು ಲಮಾರ್ ಹಬ್ಬದೂಟದಲ್ಲಿ ಎಲ್ಲರೆದುರು ಹೇಳುತ್ತಿದ್ದ, ಎಲ್ಲರೂ ನಗುತ್ತಿದ್ದರು, ವೆಂಡೆಲ್ಲೂ ನಗುತ್ತಿದ್ದ. ನೆಬ್ರಾಸ್ಕಾದ ಬಯಲಿನಿಂದ ಬಂದವನು, ಬೆಟ್ಟದವರ ಮನೆಯ ಅಳಿಯ. ನಗದೆ ಏನು ಮಾಡಿಯಾನು? ಊರಿಗೇ ಅವನು ಪೀಪಿ ಮೇಷ್ಟ್ರು. ಆ ಹೆಸರಿನಲ್ಲಿ ಕೆಡುಕೇನೂ ಇರಲಿಲ್ಲ; ಕೆಡುಕಿದ್ದಿದ್ದರೆ ಜಗಳವಾಡಬಹುದಿತ್ತು. ಆರ್ಲೋ ಮಾತ್ರ ನಗುತ್ತಿರಲಿಲ್ಲ. ತಟ್ಟೆಯತ್ತ ನೋಡುತ್ತಾ ಆಲೂಗಡ್ಡೆಯನ್ನು ಇನ್ನಷ್ಟು ಸಣ್ಣಗೆ ಕತ್ತರಿಸುತ್ತಿದ್ದ. ಆ ಮೌನವೇ ವೆಂಡೆಲನನ್ನು ಹೆಚ್ಚು ಚುಚ್ಚುತ್ತಿತ್ತು.

ಹನಿ ನಿಂತುಹೋಯಿತು. ಕಾಡಿನೊಳಗೆ ಆಕಾಶವಿಲ್ಲ, ಆಕಾಶವಿಲ್ಲದೆ ಫೋನಿಲ್ಲ. ಮತ್ತೆ ಹುಲ್ಲುಗಾವಲಿಗೆ ಬಂದು, ಸುತ್ತಮುತ್ತಲಿನ ಎಲ್ಲ ಪ್ರಾಣಿಗಳಿಗೂ ಕಾಣುವಂತೆ ನಡುವೆ ನಿಂತು ಫೋನು ಎತ್ತಿದ. ಬೇಟೆಗಾರ ಅಡಗಬೇಕಾದವನು, ಈ ಯಂತ್ರಕ್ಕೆ ಅಡಗುವುದೆಂದರೆ ಆಗದು. ಬಲಕ್ಕೆ ತಿರುಗಿ, ಎಂದಿತು. ತಿರುಗಿದ. ಉಪಗ್ರಹ ಸಿಕ್ಕಿತು, ಹಾಗೇ ಹಿಡಿದುಕೊಳ್ಳಿ, ಎಂದಿತು. ಹಿಡಿದುಕೊಂಡ. ಆಮೇಲೆ ಒಂದೊಂದಾಗಿ, ಛಾವಣಿಯಿಂದ ತೊಟ್ಟಿಕ್ಕುವಂತೆ, ನೆಡ್ರಾಳ ಮಾತುಗಳು ಇಳಿದವು.

'ಅಯ್ಯೋ ವೆಂಡೆಲ್!!! ನಿಜವಾ?'

'ಇಡೀ ಹೋಟೆಲಿಗೆ ಕೇಳೋ ಹಾಗೆ ಓದಿಬಿಟ್ಟೆ. ಎಲ್ರೂ ಚಪ್ಪಾಳೆ.'

'ಲಮಾರನ ಮುಖ ನೋಡಬೇಕಿತ್ತು. ತಟ್ಟೇಲಿ ಮೊಟ್ಟೆ ಹಾಗೇ ಇದೆ.'

'ಫೋಟೋ ಕಳಿಸು.'

'ಫೋಟೋ ಹೋಗಲ್ವಂತೆ. ಇರ್ಲಿ ಬಿಡು. ಕಸಾಯಿಯವನು ಮಾಂಸ ತೂಗುಹಾಕೋಕೆ ಕೊಕ್ಕೆ ಖಾಲಿ ಮಾಡ್ತೀನಿ ಅಂದ.'

'ಅಪ್ಪ ಅಳ್ತಾ ಇದಾನೆ ಅನ್ಸುತ್ತೆ. ನೆಗಡಿ ಅಂತಾನೆ.'

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದಷ್ಟೇ ಅಲ್ಲ, ಊರವರೆಲ್ಲ ಕೂಸಿನ ಹಲ್ಲನ್ನೂ ಎಣಿಸಿಯಾಗಿತ್ತು. ಆದರೂ, ತಮಾಷೆ ನೋಡಿ, ಓದುತ್ತಾ ಓದುತ್ತಾ ವೆಂಡೆಲನಿಗೆ ಸಂತೋಷವಾಯಿತು. ನಾಚಿಕೆಗೇಡಿನ, ಕದ್ದ ಸಂತೋಷ. ಲಮಾರನ ಮೊಟ್ಟೆ ತಣ್ಣಗಾಗುತ್ತಿರುವುದನ್ನು ಅವನು ಕಣ್ಣಮುಂದೆ ತಂದುಕೊಂಡ. ಚಪ್ಪಾಳೆ ಎಷ್ಟು ಜನರದಿರಬಹುದು ಎಂದು ಲೆಕ್ಕ ಹಾಕಿದ. ಒಂದು ಗಳಿಗೆ, ಹೋರಿ ನಿಜಕ್ಕೂ ಬಿದ್ದಿದೆ, ಇಲ್ಲಿ ಅದು ಸಿಗದಿರುವುದೇ ಯಾವುದೋ ಸಣ್ಣ ತಪ್ಪು ಎನ್ನಿಸಿತು. ಆಮೇಲೆ ಬೆರಳ ತುದಿಯಲ್ಲಿ ಒಣಗಿದ ರಕ್ತ ಕಂಡಿತು. ಎಲ್ಲೋ ಒಂದು ಪೊದೆಯಲ್ಲಿ ಅದು ಬಾಯಿ ತೆರೆದುಕೊಂಡು ಮಲಗಿರಬಹುದು, ಅವನ ಗುಂಡನ್ನು ಒಳಗಿಟ್ಟುಕೊಂಡು, ಅವನು ಇಲ್ಲಿ ಚಪ್ಪಾಳೆ ಎಣಿಸುತ್ತಿದ್ದಾನೆ.

'ಎದ್ದು ಹೋಗಿದೆ. ಗಾಯವಾಗಿದೆ. ಹುಡುಕುತ್ತಿದ್ದೇನೆ' ಎಂದು ಬರೆದ. 'ಗಾಯವಾಗಿದೆ' ಅಳಿಸಿದ. ಅಳಿಸಿದ್ದಕ್ಕೆ ನಾಚಿ ಮತ್ತೆ ಬರೆದ. ಅಷ್ಟರಲ್ಲಿ ಉಪಗ್ರಹ ಬೆಟ್ಟದ ಹಿಂದೆ ಇಳಿಯಿತು. ಇನ್ನೊಂದು ಬರುವವರೆಗೆ ಕಾಯಿರಿ, ಎಂದಿತು ಫೋನು. ಚಪ್ಪಾಳೆಯನ್ನು ಸರಾಗವಾಗಿ ಇಳಿಸಿದ್ದ ಆಕಾಶ, ತಪ್ಪೊಪ್ಪಿಗೆ ಹತ್ತುವ ಹೊತ್ತಿಗೆ ಬಾಗಿಲು ಹಾಕಿಕೊಂಡಿತ್ತು. ತೋಳು ಸೋತು ಎಡಗೈಗೆ, ಎಡಗೈ ಸೋತು ಬಲಗೈಗೆ ಬದಲಿಸುತ್ತಾ ಅವನು ನಿಂತ. ಕೊನೆಗೂ ಹೋಯಿತು. ಕಾದ. ಉತ್ತರ ಬಂತು.

'ಅಪ್ಪ ಹೇಸರಗತ್ತೆಗಳನ್ನ ಗಾಡಿಗೆ ಹತ್ತಿಸ್ಕೊಂಡು ಹೊರಟು ಆಗಲೇ ಬಹಳ ಹೊತ್ತಾಯ್ತು. ಮಾಂಸ ಹೊತ್ತು ತರಬೇಕಲ್ಲ ಅಂದ. ಡಾಕ್ಟರು ಬೇಡ ಅಂದಿದಾರೆ ಅಂದ್ರೆ ಡಾಕ್ಟರಿಗೆ ಅಳಿಯ ಇದಾನಾ ಅಂತ ಕೇಳಿದ. ಅವನ ಮಡಚೋ ಫೋನು ಅಲ್ಲಿ ಕೆಲಸಕ್ಕೆ ಬರಲ್ಲ.'

ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು: 'ಅಪ್ಪನಿಗೆ ನೀನೇ ಹೇಳಬೇಕು ವೆಂಡೆಲ್. ಇಲ್ಲಿ ನಾನು ಯಾರಿಗೂ ಬಾಯಿ ಬಿಡಲ್ಲ, ನೀನು ಹೇಳೋವರೆಗೂ.'

ಎಂಬತ್ತು ಸಮೀಪಿಸಿದ ಮುದುಕ, ಮೂರು ವರ್ಷದಿಂದ ಬೆಟ್ಟ ಹತ್ತದವನು, ಇಲ್ಲದ ಹೋರಿಯ ಮಾಂಸ ಹೊರಲು ಎರಡು ಹೇಸರಗತ್ತೆಗಳೊಂದಿಗೆ ಬರುತ್ತಿದ್ದಾನೆ. ವೆಂಡೆಲ್ ದಿಮ್ಮಿಯ ಮೇಲೆ ಕುಸಿದು ಕೂತ. ಬಿಷಪ್ ಎಂಬ ಆ ದೊಡ್ಡ ಹೇಸರಗತ್ತೆ ಹೊಳೆಯ ಹತ್ತಿರ ಹಟ ಮಾಡುವುದು, ಮುದುಕ ಇಳಿದು ಹಗ್ಗ ಎಳೆಯುವುದು, ಕಾಲು ಜಾರುವುದು, ಎಲ್ಲವನ್ನೂ ಮನಸ್ಸು ತಾನಾಗಿಯೇ ಮಾಡಿಕೊಂಡು ಹೋಯಿತು. ಆಮೇಲೆ ಎದ್ದು ಮತ್ತೆ ಹುಡುಕಿದ. ಹಾಗೆ ಅವನು ಜೀವಮಾನದಲ್ಲಿ ಏನನ್ನೂ ಹುಡುಕಿರಲಿಲ್ಲ. ಮಂಡಿಯೂರಿ, ಕಲ್ಲು ಮಗುಚಿ, ಮುಳ್ಳು ಹಾದು, ಜೌಗಿನಲ್ಲಿ ಬೂಟು ಕಳಚಿ, ಹೋರಿಯ ಮೂತ್ರದ ವಾಸನೆ ಹಿಡಿದು ನಾಯಿಯಂತೆ. ಸಿಕ್ಕರೆ ಸಾಕು, ಕಣ್ಣು ಮುಟ್ಟಿ ಕ್ಷಮೆ ಕೇಳುತ್ತೇನೆ ಎಂದುಕೊಂಡ. ಯಾರ ಕ್ಷಮೆ, ಹೋರಿಯದೋ ಮಾವನದೋ, ಸ್ಪಷ್ಟವಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕಾಡು ಅಂಟಿನ ವಾಸನೆ ಬಿಟ್ಟಿತು. ಒಂದು ಪೊದೆಯಲ್ಲಿ ಹಕಲ್‌ಬೆರಿ ಕಪ್ಪಗೆ ತುಂಬಿದ್ದವು, ಗಬಗಬನೆ ತಿಂದ, ಇಂಥ ಹೊತ್ತಿನಲ್ಲೂ ಹಣ್ಣು ರುಚಿಯಾಗಿದೆಯಲ್ಲ ಎಂದು ಬೇಸರಪಟ್ಟು ಇನ್ನೂ ಒಂದು ಹಿಡಿ ತಿಂದ.

ಕೆಳಗೆ, ಬಹಳ ಕೆಳಗೆ, ಹೇಸರಗತ್ತೆಯ ಕೊರಳ ಗಂಟೆ ಕೇಳಿದಾಗ ಹೊತ್ತು ಇಳಿದಿತ್ತು. ಅವನು ಹುಲ್ಲುಗಾವಲಿನ ಮೇಲಂಚಿನಲ್ಲಿ ಮರಕ್ಕೆ ಒರಗಿ ಕೂತಿದ್ದ. ಮಾವನಿಗೆ ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಊದಿ ಊದಿ ನೋಡುತ್ತಿದ್ದ; ಯಾವ ಸ್ವರದಲ್ಲಿ ಹಿಡಿದರೂ ಅಪಸ್ವರ. ಆಗ ಎದುರಿನ ಆಸ್ಪೆನ್‌ಗಳ ನಡುವಿನಿಂದ ಹೋರಿ ಹೊರಬಂತು.

ಬಂದೂಕು ತಾನಾಗಿಯೇ ಭುಜಕ್ಕೇರಿತು. ದುರ್ಬೀನಿನಲ್ಲಿ ಅದರ ಬೆನ್ನು, ಪಕ್ಕೆ, ಕೊರಳು ಎಲ್ಲವನ್ನೂ ಸವರಿ ನೋಡಿದ. ಒಂದು ಹನಿ ರಕ್ತವಿಲ್ಲ. ಕೊಂಬಿನ ಒಂದು ಕವಲು ಮುರಿದಿತ್ತು, ಬೆಳಗಿನದಕ್ಕೆ ಮುರಿದಿರಲಿಲ್ಲ. ಇದು ಬೇರೆ. ಅವನು ಕರೆದೂ ಇರಲಿಲ್ಲ, ತನ್ನಷ್ಟಕ್ಕೆ ಬಂದು, ಅಡ್ಡಲಾಗಿ, ಚಿತ್ರಕ್ಕೆ ನಿಂತ ಮದುಮಗನಂತೆ ನಿಂತಿತು. ಬೆರಳು ಬಂದೂಕಿನ ಕುದುರೆಯ ಮೇಲಿತ್ತು. ಒಂದು ಗುಂಡು, ಬೆಳಗಿನ ಮಾತು ನಿಜವಾಗುತ್ತದೆ. ಮಾವ ಬಂದು ಕೈಯಿಟ್ಟರೆ ಮೈ ಇನ್ನೂ ಬೆಚ್ಚಗಿರುತ್ತದಲ್ಲ ಎಂಬ ಯೋಚನೆ ಬಂತು, ಅದಕ್ಕೆ ಉತ್ತರವೂ ಜೊತೆಗೇ ಬಂತು: ಗಾಯಗೊಂಡು ಎದ್ದು ಹೋಗಿತ್ತು, ಹುಡುಕಿದೆ, ಸಿಕ್ಕಿತು, ಇನ್ನೊಂದು ಹೊಡೆದೆ. ನೆಡ್ರಾಳಿಗೆ ಕಳಿಸಿದ ಮಾತಿಗೂ ಅದು ಹೊಂದುತ್ತಿತ್ತು. ಎಷ್ಟು ಚೆನ್ನಾಗಿ ಹೊಂದುತ್ತಿತ್ತೆಂದರೆ, ಇಷ್ಟು ಬೇಗ ಇಷ್ಟು ಚಂದದ ಸುಳ್ಳು ಕಟ್ಟಬಲ್ಲ ಮನುಷ್ಯನೊಬ್ಬ ತನ್ನೊಳಗೆ ಇಷ್ಟು ವರ್ಷ ಬಾಡಿಗೆ ಕೊಡದೆ ಇದ್ದನೇ ಎಂದು ವೆಂಡೆಲ್ ಬೆರಗಾದ.

ಬೇಟೆಗೆ ಸರ್ಕಾರ ಕೊಡುವುದು ವರ್ಷಕ್ಕೆ ಒಬ್ಬನಿಗೆ ಒಂದೇ ಚೀಟಿ, ಒಂದೇ ಹೋರಿ. ಹೊಡೆದೊಡನೆ ಚೀಟಿಯಲ್ಲಿ ಆ ತಿಂಗಳು ಆ ದಿನವನ್ನು ಚಾಕುವಿನಿಂದ ಕತ್ತರಿಸಿ ತೆಗೆಯಬೇಕು. ಆಮೇಲೆ ಬಂದೂಕು ಹೆಗಲಿಗೆ, ಆ ವರ್ಷದ ಬೇಟೆ ಮುಗಿಯಿತು. ಗಾಯಗೊಂಡು ತಪ್ಪಿಸಿಕೊಂಡದ್ದಕ್ಕೂ ಚೀಟಿ ಕತ್ತರಿಸಬೇಕೇ? ಸರ್ಕಾರದ ಕಾಗದ ಅಷ್ಟು ಕೇಳುವುದಿಲ್ಲ. ರಕ್ತ ಬಿದ್ದರೆ ಚೀಟಿ ಮುಗಿಯಿತು, ಎನ್ನುತ್ತಾರೆ ಊರ ಹಿರಿಯರು. ಹೋಟೆಲಿನಲ್ಲಿ ಕೂತು ಎಲ್ಲರೂ ತಲೆದೂಗುತ್ತಾರೆ. ಬೆಟ್ಟದ ಮೇಲೆ, ಯಾರೂ ಇಲ್ಲದಲ್ಲಿ, ಹುಲ್ಲಿನಲ್ಲಿ ಮೂರು ಹನಿ ಕಂಡರೆ ಬೂಟಿನಿಂದ ಮಣ್ಣು ಸರಿಸಿ ಮುಂದೆ ಹೋಗುತ್ತಾರೆ. ವೆಂಡೆಲ್ ಬಂದೂಕು ಇಳಿಸಿದ. ಒಳ್ಳೆಯತನ ಉಕ್ಕಿ ಬಂದು ಇಳಿಸಿದ್ದಲ್ಲ. ತನ್ನ ಮೇಲೆ ತನಗೆ ಹೆದರಿಕೆಯಾಗಿತ್ತು, ಇನ್ನೊಂದು ಉಸಿರಿನಷ್ಟು ಹೊತ್ತು ಹಿಡಿದಿದ್ದರೆ ಹೊಡೆದೇಬಿಡುತ್ತಿದ್ದ. ಒಳಜೇಬಿನಿಂದ ಚೀಟಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಚಾಕುವಿಗೆ ಜೊತೆಯಾಗಿದ್ದ ಪುಟ್ಟ ಕತ್ತರಿ ಬಿಚ್ಚಿ, ತಿಂಗಳು ಕತ್ತರಿಸಿದ, ದಿನ ಕತ್ತರಿಸಿದ. ಹೋರಿ ಕಿವಿ ಮುಂದೆ ಮಾಡಿ ಇದನ್ನೆಲ್ಲ ನೋಡಿತು. ಕತ್ತರಿಯ ಕಿಚಕಿಚ ಅದಕ್ಕೆ ಕೇಳಿಸಿರಬೇಕು. ನೋಡಿ ಸಾಕಾಗಿ, ಪಾಠ ಬೇಸರವಾದ ಹುಡುಗನಂತೆ, ಅವಸರವಿಲ್ಲದೆ ಕಾಡಿನೊಳಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಳಬೇಕಿತ್ತು. ಅದರ ಬದಲು ಅವನಿಗೆ ಹಸಿವಾಯಿತು, ಹಗುರವೂ ಆಯಿತು.

ಕೆಳಗೆ ಹೇಸರಗತ್ತೆಯ ಗಂಟೆ ಬಹಳ ಹೊತ್ತು ಒಂದೇ ಕಡೆ ನಿಂತಿತ್ತು. ಆಮೇಲೆ ಮತ್ತೆ ಹೊರಟು, ಹೊಳೆಯ ತಿರುವಿನಿಂದ ಮೇಲೆ ಬಂತು. ಬಿಷಪ್ ಮುಂದೆ, ಅದರ ಮೇಲೆ ಆರ್ಲೋ, ಹಿಂದೆ ಬರಿಬೆನ್ನಿನ ಇನ್ನೊಂದು ಹೇಸರಗತ್ತೆ. ಮುದುಕನ ಟೊಪ್ಪಿಗೆ ಬೆವರಿನಿಂದ ತೊಯ್ದಿತ್ತು. ಜೀನಿಗೆ ಕಟ್ಟಿದ ಚೀಲದಿಂದ ಈರುಳ್ಳಿಯ ಒಣತೊಟ್ಟುಗಳು ಇಣುಕುತ್ತಿದ್ದವು. ಹೊಡೆದ ದಿನ ಸಂಜೆ ಹೋರಿಯ ಈಲಿಯನ್ನು, ಅಂದರೆ ಪಿತ್ತಜನಕಾಂಗವನ್ನು, ಈರುಳ್ಳಿಯ ಜೊತೆ ಹುರಿದು ತಿನ್ನದಿದ್ದರೆ ಟಕೆಟ್‌ಗಳಿಗೆ ಅದು ಬೇಟೆಯೇ ಅಲ್ಲ.

"ಏನ್ ಮೇಷ್ಟ್ರೇ," ಎಂದ ಆರ್ಲೋ ಇಳಿಯದೆ. "ಇಳಿಸ್ಕೊಳ್ತೀಯೋ, ಇಲ್ಲೇ ಒಣಗಲೋ? ಸೊಂಟ ಅನ್ನೋದು ಕೆಳಗೆ ಹೊಳೇಲೇ ಬಿದ್ದುಹೋಯ್ತು."

ವೆಂಡೆಲ್ ತಬ್ಬಿ ಹಿಡಿದು ಇಳಿಸಿದ. ಮುದುಕನ ಮೈ ಬಟ್ಟೆಮೂಟೆಯಷ್ಟು ಹಗುರವಿತ್ತು. ಇನ್ನೂ ತಬ್ಬಿಕೊಂಡಿರುವಾಗಲೇ, ಮುಖ ಕಾಣದಿರುವಾಗಲೇ ಹೇಳಿಬಿಡುವುದು ಸುಲಭವೆನ್ನಿಸಿ, ಹೇಳಿದ.

"ಮಾವ, ಹೋರಿ ಇಲ್ಲ."

"ಕಣ್ಣು ಮುಟ್ಟಿದ್ಯಾ?"

"ಇಲ್ಲ."

"ಮುಟ್ಟದೇ ಬಾಯಿ ಬಿಟ್ಯಾ?"

"ಹೂಂ. ಬಿದ್ದದ್ದು ನೋಡ್ದೆ, ಸಂತೋಷ ತಡೀಲಿಲ್ಲ. ನೀವು ಇಷ್ಟು ದೂರ... ಬೈರಿ ಮಾವ, ಬೈದುಬಿಡಿ."

ಆರ್ಲೋ ಬೈಯಲಿಲ್ಲ. ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾಗುತ್ತಾ, "ಆಗಲೇ ಇನ್ನೊಂದು ನಿಂತಿತ್ತಲ್ಲ, ಕೊಂಬು ಮುರಿದಿದ್ದು. ಅದಕ್ಕೇನಾಗಿತ್ತು ರೋಗ?" ಎಂದ.

"ನೀವು ನೋಡಿದ್ರಾ?"

"ನೋಡದೆ ಏನು? ಮುದುಕ ಆಗಿದೀನಿ, ಕುರುಡ ಆಗಿಲ್ಲ. ಹೊಳೆ ತಿರುವಲ್ಲಿ ನಿಂತು ದುರ್ಬೀನು ಹಾಕಿದ್ದೆ. ಆ ಪಾಟಿ ಹೋರಿ ಎದುರಿಗೆ ನಿಂತಿದೆ, ನಮ್ಮ ಮಹಾರಾಯ ಬಂದೂಕು ಕೆಳಗಿಟ್ಟು ಕೂತ್ಕೊಂಡು ಉಗುರು ಕತ್ತರಿಸ್ತಾ ಇದಾನೆ! ನೆಡ್ರಾಳನ್ನ ಎಂಥವನಿಗೆ ಕೊಟ್ಟುಬಿಟ್ಟೆನಪ್ಪಾ ಅಂದ್ಕೊಂಡೆ."

ವೆಂಡೆಲ್ ಚೀಟಿ ತೆಗೆದು ಕೊಟ್ಟ. ಆರ್ಲೋ ಅದನ್ನು ಕಣ್ಣಿನ ಹತ್ತಿರ ಹಿಡಿದ, ದೂರ ಹಿಡಿದ, ಕೊನೆಗೆ ಬೆಳಕಿಗೆ ಎತ್ತಿ ಹಿಡಿದ. ಕತ್ತರಿಸಿದ ಎರಡು ತೂತುಗಳಿಂದ ಆಕಾಶ ಕಾಣುತ್ತಿತ್ತು. ಬಹಳ ಹೊತ್ತು ನೋಡಿ, ನಾಲ್ಕಾಗಿ ಮಡಿಸಿ, ಅಳಿಯನ ಜೇಬಿಗೆ ತಾನೇ ಹಾಕಿ ಗುಂಡಿ ಹಚ್ಚಿದ.

"ನಡಿ, ರಕ್ತ ತೋರಿಸು," ಎಂದ.

ದಿಮ್ಮಿಯ ಹತ್ತಿರ ಮುದುಕ ಕೂದಲಿನ ಎಳೆಗಳನ್ನು ಬೆರಳುಗಳ ನಡುವೆ ಹೊಸೆದು ಮೂಸಿದ. ಬೆನ್ನಿನ ಮೇಲಿನದು, ಎಂದ. ಬೆನ್ನುಮೂಳೆಯ ಮುಳ್ಳಿಗೆ ಗುಂಡು ಸವರಿಕೊಂಡು ಹೋದರೆ ಹೀಗೇ, ಸಿಡಿಲು ಹೊಡೆದ ಹಾಗೆ ಬೀಳುತ್ತೆ, ತಲೆಸುತ್ತು ಇಳಿದ ಮೇಲೆ ಎದ್ದು ಹೋಗುತ್ತೆ. ವೆಂಡೆಲನಿಗೆ ನಂಬಬೇಕೆನ್ನಿಸಿತು, ನಂಬಲು ಹೆದರಿಕೆಯಾಯಿತು. ಮುದುಕ ಸಮಾಧಾನಕ್ಕೆ ಹೇಳುತ್ತಿರಬಹುದು. ಅಳಿಯನ ಭುಜ ಹಿಡಿದು, ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಾ ಆರ್ಲೋ ಜಾಡು ಹಿಡಿದು ನಡೆದ. ವೆಂಡೆಲ್ ಇಳಿಜಾರಿನತ್ತ ಹುಡುಕಿದ್ದ, ಗಾಯದ ಪ್ರಾಣಿ ನೀರಿಗೆ ಇಳಿಯುತ್ತದೆ ಎಂದುಕೊಂಡು. ಮುದುಕ ಮೇಲಕ್ಕೆ ನಡೆದ. ದಿಣ್ಣೆಯ ಮೇಲೆ, ಹಸಿ ಮಣ್ಣಿನಲ್ಲಿ, ಹೆಣ್ಣುಗಳ ಗೊರಸಿನ ನಡುವೆ ಒಂದು ದೊಡ್ಡ ಗೊರಸು, ಸೀಳು ಬಿಗಿಯಾಗಿ ಮುಚ್ಚಿಕೊಂಡ ಗಟ್ಟಿ ಹೆಜ್ಜೆಯದು, ಪಕ್ಕದ ಎಲೆಯ ಮೇಲೆ ಒಣಗಿದ ಒಂದೇ ಒಂದು ಹನಿ. ಅಲ್ಲಿ ಎದೆಯೆತ್ತರಕ್ಕೆ ಅಡ್ಡಬಿದ್ದ ಮರವಿತ್ತು. ಗೊರಸಿನ ಗುರುತು ಈಚೆ ನಿಂತು ಆಚೆ ಮತ್ತೆ ಶುರುವಾಗಿತ್ತು, ನಾಲ್ಕೂ ಕಾಲು ಒಟ್ಟಿಗೆ ಆಳವಾಗಿ ಊರಿಕೊಂಡು.

"ನೋಡು," ಎಂದ ಆರ್ಲೋ. "ಸಾಯೋ ಹೋರಿ ಸುತ್ತಿ ಹೋಗುತ್ತೆ. ಹೆಂಡಿರ ಎದುರು ಹೀಗೆ ಹಾರಲ್ಲ. ಬೆನ್ನು ಒಂದು ವಾರ ಉರಿಯುತ್ತೆ, ಅಷ್ಟೇ. ಈ ಚಳಿಗಾಲದಲ್ಲಿ ಎಲ್ಲರಿಗೂ ಗಾಯ ತೋರಿಸ್ಕೊಂಡು ಮೆರೀತಾನೆ."

ವೆಂಡೆಲ್ ಆ ಮರವನ್ನು ತಬ್ಬಿಕೊಂಡು ನಿಂತ. ಅಳು ಬಂತು, ಅಳುವನ್ನು ತಡೆಯಲಿಲ್ಲ. ಬೆಳಗಿನಿಂದ ಹೊಟ್ಟೆಯೊಳಗೆ ಬಾಯಿ ತೆರೆದುಕೊಂಡು ಮಲಗಿದ್ದ ಪ್ರಾಣಿ ಎದ್ದು ಹೊರಟುಹೋಗಿತ್ತು. ಮುದುಕ ತಿರುಗಿ ನಿಂತು, ಅಳು ಮುಗಿಯುವವರೆಗೂ ಪರ್ವತದ ಸಾಲನ್ನು ಗಂಭೀರವಾಗಿ ನೋಡಿದ.

ಹುಲ್ಲುಗಾವಲಿಗೆ ಮರಳಿ ಬೆಂಕಿ ಹಾಕಿದರು. ಹುರಿಯಲು ಈಲಿ ಇರಲಿಲ್ಲ. ಆರ್ಲೋ ಬಾಣಲೆಗೆ ಬೆಣ್ಣೆ ಹಾಕಿ ಬರೀ ಈರುಳ್ಳಿಯನ್ನೇ ಹುರಿದ, ಬ್ರೆಡ್ಡಿನ ಮೇಲೆ ಹರಡಿ ಇಬ್ಬರೂ ತಿಂದರು. "ಇಷ್ಟು ವರ್ಷ ಈ ಈಲಿ ಅಡ್ಡ ಬಂದು ಈರುಳ್ಳಿ ರುಚಿನೇ ಗೊತ್ತಾಗಿರ್ಲಿಲ್ಲ," ಎಂದು ಮುದುಕ ಬೆರಳು ನೆಕ್ಕಿಕೊಂಡ. ಆಮೇಲೆ ಬೆಂಕಿಗೆ ಇನ್ನೊಂದು ಕೊರಡು ತಳ್ಳಿ, ಬೆಂಕಿಗೇ ಹೇಳುವವನಂತೆ ಹೇಳಿದ.

"ಈಗ ಊರಿಗೆ ಹೋಗೋದು ಹೇಗಪ್ಪಾ ಅಂತ ಯೋಚಿಸ್ತಿದೀನಿ."

"ಮರ್ಯಾದೆ ಹೋಗೋದು ನಂದು ಮಾವ. ನೀವ್ಯಾಕೆ ಯೋಚಿಸ್ತೀರಿ?"

"ನಾನು ಹೋಟೆಲಲ್ಲಿ ಎದ್ದು ನಿಂತು ಭಾಷಣ ಮಾಡಿದೀನಿ."

"ನೀವಾ? ಭಾಷಣನಾ?"

"ಕುರ್ಚಿ ಮೇಲೆ ಹತ್ತೋಕೆ ಹೋಗಿದ್ದೆ, ನೆಡ್ರಾ ಬಿಡಲಿಲ್ಲ. ಎಲ್ಲರಿಗೂ ಕಾಫಿ ನಂದು ಅಂದೆ. ರಸ್ತೇಲಿ ಹೋಗ್ತಿದ್ದ ಅಂಚೆಯವನನ್ನೂ ಕರೆದು ಕೂರಿಸಿದೆ."

"ಏನಂತ ಹೇಳಿದ್ರಿ?"

ಆರ್ಲೋ ಬಾಣಲೆಯ ತಳ ಕೆರೆದ. "ಏನೋ ಹೇಳ್ದೆ. ಇವನು ನಮ್ಮ ಹುಡುಗ ಅಂದೆ. ಇಷ್ಟು ವರ್ಷ ನೀವೆಲ್ಲ ತಿಂದ ಹೋರಿಗಳನ್ನೆಲ್ಲ ಕರೆದು ತಂದವನು ಇವನೇ, ಯಾರೂ ಒಂದು ದಿನ ಹೇಳಲಿಲ್ಲ, ಈಗ ನಾನು ಹೇಳ್ತೀನಿ ಅಂದೆ. ಲಮಾರ್ ಎದುರಿಗೇ ಅಂದೆ. ಹೇಳಬೇಕು ಅಂತ ಬಹಳ ವರ್ಷದಿಂದ ಇತ್ತು, ಬರೀ ಬಾಯಲ್ಲಿ ಹೇಳಿದ್ರೆ ಹೇಗೆ, ಒಂದು ಹೋರಿ ಬೀಳಲಿ ಅಂತ ಕಾಯ್ತಿದ್ದೆ. ಬಿತ್ತು ಅಂದ ತಕ್ಷಣ ನಂಗೂ ತಡೀಲಿಲ್ಲ." ಬಾಣಲೆ ಕೆಳಗಿಟ್ಟು, "ನಾನೂ ಕಣ್ಣು ಮುಟ್ಟದೇ ಬಾಯಿ ಬಿಟ್ಟೆ," ಎಂದ.

ವೆಂಡೆಲ್ ಬ್ರೆಡ್ಡನ್ನು ಕೆಳಗಿಟ್ಟು ಮಾವನ ಕೈ ನೋಡಿದ. ಹಬ್ಬದೂಟದ ಮೇಜಿನಲ್ಲಿ ಆಲೂಗಡ್ಡೆ ಸಣ್ಣಗೆ ಕತ್ತರಿಸುತ್ತಿದ್ದ ಆ ಕೈಯನ್ನು ಅವನು ಇಷ್ಟು ವರ್ಷ ತಪ್ಪಾಗಿ ಓದಿದ್ದ. ಎಲ್ಲರೂ ನಗುವಾಗ ಆ ಮುದುಕ ನಗದಿದ್ದದ್ದು ತಾತ್ಸಾರದಿಂದಲ್ಲ. ತನಗಿಂತ ಹೆಚ್ಚಾಗಿ, ತನಗಿಂತ ತಾಳ್ಮೆಯಿಂದ, ಇನ್ನೊಬ್ಬ ತನ್ನ ಹೋರಿಗಾಗಿ ಕಾಯುತ್ತಿದ್ದ. ಅವನಿಗೆ ಸಂತೋಷವಾಯಿತು, ಬೆಳಗಿನ ಕದ್ದ ಸಂತೋಷದಂಥದಲ್ಲ, ಇದು ಅವನದೇ.

ಕತ್ತಲಾಗುವ ಮೊದಲು ಇನ್ನೊಮ್ಮೆ ಫೋನು ಎತ್ತಿದರು. ನೆಡ್ರಾಳ ಮಾತು ಕಾಯುತ್ತಿತ್ತು: 'ಅಪ್ಪ ಬಂದನಾ? ಸರಿಯಾಗಿದಾನಾ? ಇಲ್ಲಿ ರಾತ್ರಿ ಊಟಕ್ಕೆ ಎಲ್ರೂ ಸೇರಿದಾರೆ, ಕೊಂಬು ಎಷ್ಟು ಕವಲು ಅಂತ ಪಂದ್ಯ ಕಟ್ತಾ ಇದಾರೆ. ಏನು ಹೇಳಲಿ?'

"ಕೊಡು ಇಲ್ಲಿ," ಎಂದು ಆರ್ಲೋ ಫೋನು ಕಸಿದುಕೊಂಡ. ಎಡಕ್ಕೆ ತಿರುಗಿ ಎಂದಿತು. "ನಂಗೇ ಹೇಳುತ್ತಲ್ಲ ಇದು," ಎಂದು ಗೊಣಗುತ್ತಾ ಜೀವಮಾನದಲ್ಲಿ ಯಾರ ಮಾತಿಗೂ ತಿರುಗದ ಮುದುಕ ಎಡಕ್ಕೆ ತಿರುಗಿದ. ಅಕ್ಷರ ಸಣ್ಣದು, ಬೆರಳು ದಪ್ಪ. ಸೋತು ವಾಪಸು ಕೊಟ್ಟ. "ನೀನೇ ಒತ್ತು. ನಾನು ಹೇಳಿದ ಹಾಗೆ ಬರಿ. ನಾನು ಚೆನ್ನಾಗಿದೀನಿ. ಹೋರಿ ಎದ್ದು ಹೋಯ್ತು, ಬದುಕುತ್ತೆ. ವೆಂಡೆಲ್ ಚೀಟಿ ಕತ್ತರಿಸಿದ."

ವೆಂಡೆಲ್ ಮೊದಲಿನದೆಲ್ಲ ಬರೆದು, ಕೊನೆಯದಕ್ಕೆ ನಿಂತ. "ಅದು ಬೇಡ ಮಾವ. ಹೇಳ್ಕೊಂಡ ಹಾಗಾಗುತ್ತೆ."

"ಬರಿ ಅಂದ್ರೆ ಬರಿ. ಇದು ಮುಟ್ಟಿ ನೋಡಿದ ಮಾತು, ನನ್ನ ಕೈಯಲ್ಲೇ ಹಿಡಿದು ನೋಡಿದೀನಿ. ಅಲ್ಲಿ ಕೂತಿರೋರಲ್ಲಿ ಆ ಕೆಲಸ ಮಾಡಿದೋರು ಎಷ್ಟು ಜನ ಅಂತ ಅವರಿಗೂ ಗೊತ್ತು, ನಂಗೂ ಗೊತ್ತು."

ಬರೆದ. ಹೋಯಿತು. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಹೋಟೆಲಿನಲ್ಲಿ ನೆಡ್ರಾ ಏಪ್ರನ್ನಿಗೆ ಕೈ ಒರೆಸಿಕೊಂಡು ಓದುತ್ತಿರುವುದು, ಮೇಜುಗಳ ಸಾಲಿನಲ್ಲಿ ಲಮಾರ್ ಬಾಯಿ ತೆರೆಯುವುದು, ಪೀಪಿ ಮೇಷ್ಟ್ರ ಹೋರಿ ಗಾಳಿಯ ಹೋರಿ ಎಂದು ಯಾರೋ ಕೂಗುವುದು, ಎಲ್ಲ ವೆಂಡೆಲನಿಗೆ ಕೇಳಿಸಿತು. ಬಾಣಲೆ ತಣ್ಣಗಾಯಿತು. ಬಿಷಪ್ ಹುಲ್ಲು ಕೀಳುವ ಸದ್ದು. ತೋಳು ಸೋತಾಗ ಆರ್ಲೋ ಹಿಂದಿನಿಂದ ಬಂದು ಅವನ ಮೊಣಕೈಗೆ ತನ್ನ ಕೈ ಕೊಟ್ಟು ಆಕಾಶಕ್ಕೆ ಎತ್ತಿ ಹಿಡಿದ. ಫೋನು ನಡುಗಿತು.

'ಓದಿ ಹೇಳಿದೆ,' ಎಂದಿತ್ತು. 'ಯಾರೂ ನಗಲಿಲ್ಲ.'

"ಏನಂತೆ?" ಎಂದ ಆರ್ಲೋ, ಕನ್ನಡಕಕ್ಕೆ ತಡಕಾಡುತ್ತಾ.

ವೆಂಡೆಲ್ ಓದಿ ಹೇಳಿದ.

"ನಗಲಿಲ್ವಾ? ಅಯ್ಯೋ, ನಗೋಕೆ ಹೇಳು!" ಎಂದ ಮುದುಕ. "ಈಗ ನಗಬಹುದು."

ಮೊದಲು ನಕ್ಕವನು ವೆಂಡೆಲ್ಲೇ.